ಒಂದು ಅಕ್ಷರದ ಅಂತರ

ಇಂಗ್ಲಿಷಿನಲ್ಲಿ ಪತ್ರ ಬರೆಯುವ ಕನ್ನಡಿಗರ ಲೇಖನಿಯಿಂದ ಮೇಲಿಂದ ಮೇಲೆ ಹೊರಬೀಳುವ ವಾಕ್ಯವೊಂದುಂಟು. ಅರ್ಜಿಯ ಕೊನೆಯಲ್ಲಿ, ಹಿರಿಯರಿಗೆ ಬರೆದ ಕಾಗದದಲ್ಲಿ, ವ್ಯಾಪಾರದ ಪತ್ರದ ತುದಿಯಲ್ಲಿ ಅದು ತಪ್ಪದೆ ಕಾಣಿಸಿಕೊಳ್ಳುತ್ತದೆ. ‘ದಯವಿಟ್ಟು ನನಗೆ ಸಲಹೆ ನೀಡಿ’ ಎಂಬುದು ಬರೆಯುವವನ ಅಭಿಪ್ರಾಯ. ಅದಕ್ಕಾಗಿ ಅವನು ‘ಪ್ಲೀಸ್ ಅಡ್ವೈಸ್ ಮಿ’ ಎಂದು ಬರೆದು, ನಡುವಣ ಪದದ ಕೊನೆಯ ‘ಇ’ ಅಕ್ಷರದ ಹಿಂದೆ ‘ಸಿ’ ಅಕ್ಷರವನ್ನು ಇಡುತ್ತಾನೆ. ಇಡಬೇಕಾಗಿದ್ದುದು ‘ಎಸ್’. ಕೈಬರಹದ ಕಾಗದಗಳು ವಿರಳವಾಗಿ ಇ-ಮೇಲ್ ಬಂದ ಮೇಲೂ ಈ ತಪ್ಪು ತೊಲಗಿಲ್ಲ. ಎರಡೂ ಇಂಗ್ಲಿಷಿನಲ್ಲಿ ಇರುವ ಪದಗಳೇ ಆದುದರಿಂದ, ಕಾಗುಣಿತವನ್ನು ಮಾತ್ರ ನೋಡುವ ಗಣಕಯಂತ್ರಕ್ಕೆ ಅದರಲ್ಲಿ ದೋಷವೇನೂ ಕಾಣುವುದಿಲ್ಲ.

ಇವು ಒಂದೇ ಪದದ ಎರಡು ಬರಹಗಳಲ್ಲ, ಎರಡು ಪದಗಳು. ‘ಸಿ’ ಇರುವುದು ನಾಮಪದ. ‘ಸಲಹೆ’ ಎಂಬುದು ಅದರ ಅರ್ಥ. ‘ಎಸ್’ ಇರುವುದು ಕ್ರಿಯಾಪದ. ‘ಸಲಹೆ ನೀಡು’ ಎಂಬುದು ಅದರ ಅರ್ಥ. ಉಚ್ಚಾರಣೆಯಲ್ಲಿಯೂ ಇವು ಬೇರೆ ಬೇರೆ. ನಾಮಪದವು ‘ಅಡ್ವೈಸ್’ ಎಂದು ಸಕಾರದಲ್ಲಿ ಮುಗಿಯುತ್ತದೆ. ಕ್ರಿಯಾಪದದ ಕೊನೆಯ ಧ್ವನಿ ಕನ್ನಡದ ವರ್ಣಮಾಲೆಯಲ್ಲಿ ಇಲ್ಲ. ಜಕಾರದ ಕೆಳಗೆ ಚುಕ್ಕೆಯಿಟ್ಟು ಅದನ್ನು ‘ಅಡ್ವೈಜ಼್’ ಎಂದು ಬರೆಯುವುದು ರೂಢಿ. ‘ಎಸ್’ ಎಂಬ ಅಕ್ಷರವೇ ಇಲ್ಲಿ ಸಕಾರವನ್ನು ನುಡಿಯದೆ, ಆ ಕೆಲಸವನ್ನು ‘ಸಿ’ಗೆ ಬಿಟ್ಟುಕೊಟ್ಟು, ತಾನು ಬೇರೊಂದು ಧ್ವನಿಯನ್ನು ತಾಳಿರುವುದು ವಿಚಿತ್ರವೇ ಸರಿ. ಆದರೆ ಇಂಗ್ಲಿಷ್ ಕಾಗುಣಿತದ ವಿಚಿತ್ರಗಳನ್ನು ಎಣಿಸುತ್ತ ಕುಳಿತರೆ ಪಾಠ ಮುಂದೆ ಸಾಗಲಾರದು.

ಸಕಾರಕ್ಕೂ ಈ ಚುಕ್ಕೆಯ ಜಕಾರಕ್ಕೂ ಇರುವ ಭೇದವನ್ನು ತಿಳಿಯಲು ಸುಲಭವಾದ ಉಪಾಯವಿದೆ. ಕೊರಳಿನ ಮುಂಭಾಗದಲ್ಲಿ ಎರಡು ಬೆರಳುಗಳನ್ನು ಮೆಲ್ಲಗೆ ಒತ್ತಿ ಹಿಡಿದು ‘ಸ್‌ಸ್‌ಸ್’ ಎಂದು ಎಳೆದು ನುಡಿಯಬೇಕು. ಬೆರಳಿಗೆ ಏನೂ ತಿಳಿಯುವುದಿಲ್ಲ. ನಾಲಿಗೆಯನ್ನು ಕದಲಿಸದೆ ಅದೇ ಸ್ಥಾನದಲ್ಲಿ ಜೇನ್ನೊಣದಂತೆ ಝೇಂಕರಿಸಿದರೆ ಕೊರಳು ಕಂಪಿಸುವುದು ಬೆರಳಿಗೆ ತಟ್ಟುತ್ತದೆ. ಕೊರಳು ಕಂಪಿಸದೆ ಹುಟ್ಟುವ ಧ್ವನಿಯನ್ನು ಅಘೋಷವೆಂದೂ ಕಂಪಿಸಿ ಹುಟ್ಟುವುದನ್ನು ಘೋಷವೆಂದೂ ನಮ್ಮ ವೈಯಾಕರಣರು ಕರೆದರು. ಕ, ಚ, ಟ, ತ, ಪ ಅಘೋಷಗಳು. ಗ, ಜ, ಡ, ದ, ಬ ಘೋಷಗಳು. ಇಂಗ್ಲಿಷಿನ ನಾಮಪದ ಅಘೋಷದಲ್ಲಿ ಮುಗಿದರೆ ಕ್ರಿಯಾಪದ ಘೋಷದಲ್ಲಿ ಮುಗಿಯುತ್ತದೆ. ಕಿವಿಗೆ ನೆರವಾಗುವ ಇನ್ನೊಂದು ಗುರುತೂ ಉಂಟು. ಘೋಷದ ಮುಂಚೆ ಬರುವ ಸ್ವರವನ್ನು ಇಂಗ್ಲಿಷರು ತುಸು ಎಳೆದು ನುಡಿಯುತ್ತಾರೆ. ಆದುದರಿಂದ ನಾಮಪದದ ಐಕಾರ ಮೊಟಕು, ಕ್ರಿಯಾಪದದ ಐಕಾರ ದೀರ್ಘ.

ಕ್ರಿಯಾಪದದಲ್ಲಿ ಘೋಷ, ಅದರಿಂದ ಹುಟ್ಟಿದ ನಾಮಪದದಲ್ಲಿ ಅಘೋಷ ಎಂಬ ಈ ಏರ್ಪಾಡು ಕನ್ನಡಿಗನಿಗೆ ಹೊಸದೇನೂ ಅಲ್ಲ. ಅವನು ತೊಟ್ಟಿಲು ಬಿಟ್ಟು ಇಳಿದ ದಿನಗಳಿಂದಲೂ ಅದನ್ನು ಬಳಸುತ್ತಲೇ ಬಂದಿದ್ದಾನೆ. ಓಡು ಎಂಬುದು ಧಾತು, ಓಟ ಎಂಬುದು ನಾಮ. ಆಡು, ಆಟ, ನೋಡು, ನೋಟ, ಕೂಡು, ಕೂಟ, ಕಾಡು, ಕಾಟ. ತೂಗು ಎಂಬುದರ ಗಕಾರವು ತೂಕದಲ್ಲಿ ಕಕಾರವಾಗುತ್ತದೆ. ಧಾತುವಿನಿಂದ ಹುಟ್ಟಿ ಕ್ರಿಯೆಯ ಭಾವವನ್ನು ಹೇಳುವ ಇಂಥ ಪದಗಳನ್ನು ಕನ್ನಡ ವ್ಯಾಕರಣದಲ್ಲಿ ಕೃದಂತ ಭಾವನಾಮಗಳೆಂದು ವಿದ್ಯಾರ್ಥಿಗಳು ಕಲಿತೇ ಇದ್ದಾರೆ. ‘ಹುಡುಗರು ಮೈದಾನದಲ್ಲಿ ಓಟುತ್ತಾರೆ’ ಎಂದು ಯಾವ ಮಗುವೂ ಹೇಳುವುದಿಲ್ಲ; ಹೇಳಿದರೆ ಮನೆಯವರೆಲ್ಲ ನಗುತ್ತಾರೆ. ಇಂಗ್ಲಿಷ್ ಬಲ್ಲವನ ಕಣ್ಣಿಗೆ ‘ಸಿ’ ಅಕ್ಷರದ ‘ಪ್ಲೀಸ್ ಅಡ್ವೈಸ್ ಮಿ’ ಕಾಣುವುದು ಸರಿಸುಮಾರು ಹಾಗೆಯೇ.

ಹೋಲಿಕೆ ಇದೆಯೆಂದು ಎರಡು ಭಾಷೆಗಳಿಗೂ ನಂಟು ಕಟ್ಟಬಾರದು. ಕಾರಣಗಳು ಬೇರೆ. ನಮ್ಮ ದ್ರಾವಿಡ ಭಾಷೆಗಳಲ್ಲಿ ನಾಮಪದವನ್ನು ಮಾಡುವಾಗ ಧಾತುವಿನ ವ್ಯಂಜನ ಇಮ್ಮಡಿಸಿತು. ತಮಿಳಿನಲ್ಲಿ ಇಂದಿಗೂ ‘ಆಟ್ಟಂ’, ‘ಓಟ್ಟಂ’ ಎಂದು ಒತ್ತಕ್ಷರ ಉಳಿದಿದೆ. ಕನ್ನಡದಲ್ಲಿ ಒತ್ತು ಸವೆದು ಟಕಾರ ಮಾತ್ರ ನಿಂತಿತು. ಇಂಗ್ಲಿಷಿನ ಕಥೆ ಇದಕ್ಕೆ ತಿರುಗುಮುರುಗು. ಅಲ್ಲಿ ನಾಮಪದ ಇದ್ದಂತೆಯೇ ಇತ್ತು, ಬದಲಾದದ್ದು ಕ್ರಿಯಾಪದ. ಪ್ರಾಚೀನ ಇಂಗ್ಲಿಷಿನಲ್ಲಿ ಕ್ರಿಯಾಪದಗಳಿಗೆ ಸ್ವರದಿಂದ ಮೊದಲಾಗುವ ಪ್ರತ್ಯಯ ಹತ್ತುತ್ತಿತ್ತು. ಎರಡು ಸ್ವರಗಳ ನಡುವೆ ಸಿಕ್ಕಿದ ಸಕಾರದಂತಹ ಉಜ್ಜುಧ್ವನಿಗಳು ಮೆತ್ತಗಾಗಿ ಘೋಷಗಳಾದವು. ಕಾಲಕ್ರಮದಲ್ಲಿ ಪ್ರತ್ಯಯ ಉದುರಿಹೋಯಿತು. ಅದು ಮಾಡಿದ ಬದಲಾವಣೆ ಮಾತ್ರ ಉಳಿಯಿತು.

ಪ್ರಸ್ತುತ ಪದ ಪ್ರಾಚೀನ ಇಂಗ್ಲಿಷಿನದಲ್ಲ, ಫ್ರೆಂಚಿನಿಂದ ಬಂದುದು. ಹಳೆಯ ಫ್ರೆಂಚಿನಲ್ಲಿ ‘ಅವಿಸ್’ ಎಂದರೆ ಅಭಿಪ್ರಾಯ. ಅದರ ಹಿಂದಿರುವುದು ಲ್ಯಾಟಿನ್ನಿನ ‘ಕಾಣು’ ಎಂಬ ಅರ್ಥದ ಧಾತು. ‘ನನಗೆ ಹೀಗೆ ಕಾಣುತ್ತದೆ’ ಎಂದು ನಾವೂ ಅಭಿಪ್ರಾಯ ಹೇಳುವಾಗ ಅನ್ನುವುದುಂಟಲ್ಲವೇ? ಆ ಪದದಲ್ಲಿ ಮೊದಲು ಡಕಾರವಿರಲಿಲ್ಲ. ಲ್ಯಾಟಿನ್ ಬಲ್ಲವರು ಅದನ್ನು ನಡುವೆ ಸೇರಿಸಿ, ಪದಕ್ಕೆ ಪಾಂಡಿತ್ಯದ ಉಡುಪು ತೊಡಿಸಿದರು. ಬಹುಕಾಲದವರೆಗೆ ನಾಮ, ಕ್ರಿಯೆ ಎರಡನ್ನೂ ‘ಎಸ್’ನಿಂದಲೇ ಬರೆಯುವುದೂ ಇತ್ತು. ಧ್ವನಿಭೇದವು ಕಣ್ಣಿಗೂ ಕಾಣಲೆಂದು ನಾಮಪದಕ್ಕೆ ‘ಸಿ’ ನೆಲೆಗೊಂಡದ್ದು ಆಮೇಲಿನ ಮಾತು.

ಎಲ್ಲ ಜೋಡಿಗಳಿಗೂ ಈ ಭಾಗ್ಯ ದೊರೆಯಲಿಲ್ಲ. ‘ಉಪಯೋಗ’ ಎಂಬರ್ಥದ ‘ಯೂಸ್’, ‘ಉಪಯೋಗಿಸು’ ಎಂಬರ್ಥದ ‘ಯೂಜ಼್’ ಎರಡಕ್ಕೂ ಬರಹ ಒಂದೇ; ಓದುವವನು ವಾಕ್ಯವನ್ನು ನೋಡಿ ಉಚ್ಚಾರಣೆಯನ್ನು ಆರಿಸಿಕೊಳ್ಳಬೇಕು. ‘ಪ್ರೂಫ್’, ‘ಪ್ರೂವ್’, ‘ಬಿಲೀಫ್’, ‘ಬಿಲೀವ್’ ಜೋಡಿಗಳಲ್ಲಿ ಬರಹವೂ ಬೇರೆಯಾಗಿದೆ. ಒಂದು ಜೋಡಿಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ‘ಪ್ರ್ಯಾಕ್ಟಿಸ್’ ಎಂಬುದನ್ನು ಬ್ರಿಟಿಷರು ನಾಮಪದವಾದಾಗ ‘ಸಿ’ಯಿಂದಲೂ ಕ್ರಿಯಾಪದವಾದಾಗ ‘ಎಸ್’ನಿಂದಲೂ ಬರೆಯುತ್ತಾರೆ, ಆದರೆ ಎರಡರ ಉಚ್ಚಾರಣೆಯೂ ಸಕಾರಾಂತವೇ. ಅಲ್ಲಿ ಕೊರಳ ಮೇಲೆ ಬೆರಳಿಟ್ಟು ಪ್ರಯೋಜನವಿಲ್ಲ. ಅಮೆರಿಕನ್ನರು ಆ ಭೇದವನ್ನೇ ಕೈಬಿಟ್ಟು ಎರಡಕ್ಕೂ ‘ಸಿ’ ಬರೆಯುತ್ತಾರೆ. ‘ಅಡ್ವೈಸ್’, ‘ಅಡ್ವೈಜ಼್’ ಭೇದವನ್ನಾದರೋ ಅವರೂ ಬಿಟ್ಟಿಲ್ಲ.

ಇನ್ನು ಪ್ರಯೋಗದ ಮಾತು. ಅಕ್ಷರ ಸರಿಯಾಗಿದ್ದೂ ವಾಕ್ಯ ಕೆಡುವುದುಂಟು. ಇದರಲ್ಲಿ ಕನ್ನಡದ ನಡೆ ನಮ್ಮನ್ನು ದಾರಿ ತಪ್ಪಿಸುತ್ತದೆ. ಕನ್ನಡದಲ್ಲಿ ಸಲಹೆಗಳನ್ನು ಎಣಿಸಬಹುದು. ‘ವೈದ್ಯರು ಮೂರು ಸಲಹೆಗಳನ್ನು ಕೊಟ್ಟರು’ ಎಂಬುದು ಶುದ್ಧವಾದ ಕನ್ನಡ. ಅದನ್ನೇ ಅನುಸರಿಸಿ ‘ತ್ರೀ ಅಡ್ವೈಸಸ್’ ಎಂದರೆ, ‘ಆನ್ ಅಡ್ವೈಸ್’ ಎಂದರೆ ಇಂಗ್ಲಿಷ್ ಕೆಡುತ್ತದೆ. ಆ ಭಾಷೆಗೆ ಸಲಹೆಯೆಂಬುದು ನೀರಿನಂತೆ, ಹಾಲಿನಂತೆ, ಎಣಿಕೆಗೆ ಸಿಕ್ಕದು. ನಾವೂ ‘ಮೂರು ನೀರುಗಳು’ ಎನ್ನುವುದಿಲ್ಲ, ‘ಮೂರು ಲೋಟ ನೀರು’ ಎನ್ನುತ್ತೇವೆ. ಹಾಗೆಯೇ ಅವರು ‘ಎ ಪೀಸ್ ಆಫ್ ಅಡ್ವೈಸ್’, ‘ತ್ರೀ ಪೀಸಸ್ ಆಫ್ ಅಡ್ವೈಸ್’ ಎನ್ನುತ್ತಾರೆ. ಎಣಿಸುವ ಅಗತ್ಯವಿಲ್ಲದಿದ್ದರೆ ‘ಸಮ್ ಅಡ್ವೈಸ್’ ಸಾಕು. ಬ್ಯಾಂಕು ಮತ್ತು ವ್ಯಾಪಾರದ ಪತ್ರವ್ಯವಹಾರದಲ್ಲಿ ಮಾತ್ರ ಈ ಪದಕ್ಕೆ ‘ತಿಳಿವಳಿಕೆ ಪತ್ರ’ ಎಂಬ ಬೇರೆ ಅರ್ಥವಿದ್ದು, ಅಲ್ಲಿ ಬಹುವಚನ ನಡೆಯುತ್ತದೆ. ವಿದ್ಯಾರ್ಥಿಗೆ ಅದರ ಗೊಡವೆ ಸದ್ಯಕ್ಕೆ ಬೇಡ.

ಕನ್ನಡದ ‘ಸಲಹೆ’ಯೂ ಹೊರಗಿನಿಂದ ಬಂದ ಪದವೇ. ಅರಬ್ಬಿ ಮೂಲದ ಆ ಪದ ಪಾರಸಿಯ ಮಾರ್ಗವಾಗಿ ನಮ್ಮ ನಾಡಿಗೆ ಬಂದು, ಈಗ ಹೊರಗಿನದೆಂದು ಗುರುತೇ ಸಿಕ್ಕದಷ್ಟು ನೆಲಸಿಬಿಟ್ಟಿದೆ. ‘ಕಾಪಾಡು, ಪೋಷಿಸು’ ಎಂಬರ್ಥದ ‘ಸಲಹು’ ಅಚ್ಚಗನ್ನಡದ ಧಾತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಸಲಹೆಗೆ ಕನ್ನಡದಲ್ಲಿ ಸ್ವಂತದ ಕ್ರಿಯಾಪದ ಇಲ್ಲದಿರುವುದರಿಂದಲೇ ‘ಕೊಡು’, ‘ನೀಡು’ ಎಂಬ ಧಾತುಗಳನ್ನು ಅದರ ಜೊತೆಗೆ ಸೇರಿಸುತ್ತೇವೆ. ಯಾರಿಗೆ ಕೊಟ್ಟರು? ‘ನನಗೆ’ ಕೊಟ್ಟರು. ಇದು ಚತುರ್ಥೀ ವಿಭಕ್ತಿ. ಕನ್ನಡಿಗನ ಇಂಗ್ಲಿಷಿನಲ್ಲಿ ‘ಹಿ ಅಡ್ವೈಜ಼್ಡ್ ಟು ಮಿ’ ಎಂಬ ವಾಕ್ಯ ಹುಟ್ಟುವುದು ಈ ಚತುರ್ಥಿಯಿಂದ. ಇಂಗ್ಲಿಷಿನ ಕ್ರಿಯಾಪದಕ್ಕೆ ಸಲಹೆ ಪಡೆಯುವ ವ್ಯಕ್ತಿಯೇ ಕರ್ಮ. ನಡುವೆ ‘ಟು’ ಬರಕೂಡದು. ‘ಹಿ ಅಡ್ವೈಜ಼್ಡ್ ಮಿ’ ಎಂದರೆ ಮುಗಿಯಿತು. ಏನು ಮಾಡಬೇಕೆಂದು ಹೇಳುವಾಗ ಮಾತ್ರ ‘ಟು’ ಬರುತ್ತದೆ, ಅದೂ ವ್ಯಕ್ತಿಯ ಅನಂತರ, ಮುಂದಿನ ಕ್ರಿಯಾಪದದ ಹಿಂದೆ: ‘ದಿ ಡಾಕ್ಟರ್ ಅಡ್ವೈಜ಼್ಡ್ ಮೈ ಮದರ್ ಟು ವಾಕ್ ಎವ್ರಿ ಮಾರ್ನಿಂಗ್’. ಬೇಡವೆಂದು ಹೇಳಿದರೆ ‘ನಾಟ್ ಟು’. ಅದೇ ಸಂಗತಿಯನ್ನು ನಾಮಪದದಿಂದ ಹೇಳುವಾಗ ‘ಹಿ ಗೇವ್ ಅಡ್ವೈಸ್ ಟು ಮೈ ಮದರ್’ ಎಂಬಲ್ಲಿ ‘ಟು’ವಿಗೆ ಸ್ಥಾನವುಂಟು, ಏಕೆಂದರೆ ಅಲ್ಲಿನ ಕ್ರಿಯೆ ‘ಕೊಡು’ ಎಂಬುದು. ತಾಯಿ ಆ ಮಾತನ್ನು ಕೇಳಿ ನಡೆದುಕೊಂಡರೆ ‘ಮೈ ಮದರ್ ಟುಕ್ ಹಿಸ್ ಅಡ್ವೈಸ್’. ಒಂದೇ ಪ್ರಸಂಗದಲ್ಲಿ ವೈದ್ಯನ ಕೆಲಸಕ್ಕೆ ಕ್ರಿಯಾಪದವೂ, ಅವನ ಬಾಯಿಂದ ಹೊರಟು ತಾಯಿಯ ಕೈಗೆ ಬಂದ ವಸ್ತುವಿಗೆ ನಾಮಪದವೂ ಹೇಗೆ ಒದಗಿದುವೆಂಬುದನ್ನು ಗಮನಿಸಬೇಕು.

ಕೊಡುವ ಕೆಲಸ ಬೇರೆ, ಕೊಟ್ಟ ವಸ್ತು ಬೇರೆ ಎಂಬ ಈ ವಿವೇಕ ಶಾಲೆಯ ಉತ್ತರಪತ್ರಿಕೆಗೆ ಮಾತ್ರ ಸೇರಿದ್ದಲ್ಲ. ಭಾರತದ ಸಂವಿಧಾನ 1950ರ ಜನವರಿ 26ರಂದು ಜಾರಿಗೆ ಬಂದಿತು. ಅದರ ಎಪ್ಪತ್ತನಾಲ್ಕನೆಯ ಅನುಚ್ಛೇದವು ರಾಷ್ಟ್ರಪತಿಗೂ ಮಂತ್ರಿಮಂಡಲಕ್ಕೂ ಇರುವ ಸಂಬಂಧವನ್ನು ಹೇಳುತ್ತದೆ. ಮೂಲದ ಇಂಗ್ಲಿಷ್ ಪಾಠದ ಮೊದಲನೆಯ ಖಂಡದಲ್ಲಿ ಇದ್ದುದು ಕ್ರಿಯಾಪದ ಮಾತ್ರ: ರಾಷ್ಟ್ರಪತಿಗೆ ನೆರವಾಗಲು ಮತ್ತು ಸಲಹೆ ನೀಡಲು ಪ್ರಧಾನಮಂತ್ರಿಯ ನೇತೃತ್ವದ ಮಂತ್ರಿಮಂಡಲ ಇರತಕ್ಕದ್ದು ಎಂಬುದು ಅದರ ತಾತ್ಪರ್ಯ. ಎರಡನೆಯ ಖಂಡದಲ್ಲಿ ನಾಮಪದ ಬಂದಿತ್ತು. ಆದರೆ ಅದು ಹೇಳುತ್ತಿದ್ದುದು, ಮಂತ್ರಿಗಳು ಕೊಟ್ಟ ಸಲಹೆ ಏನೆಂಬುದನ್ನು ಯಾವ ನ್ಯಾಯಾಲಯವೂ ವಿಚಾರಿಸಕೂಡದು ಎಂಬುದನ್ನಷ್ಟೆ. ಹಾಗಾದರೆ ಮಂತ್ರಿಗಳು ಸಲಹೆ ನೀಡಿದ ಮೇಲೆ ರಾಷ್ಟ್ರಪತಿ ಅದರಂತೆ ನಡೆಯಲೇಬೇಕೆ? ಅನುಚ್ಛೇದದಲ್ಲಿದ್ದ ಕ್ರಿಯಾಪದ ಮಂತ್ರಿಗಳ ಕರ್ತವ್ಯವನ್ನು ಹೇಳಿ ಸುಮ್ಮನಾಗಿತ್ತು. ಸಲಹೆ ನೀಡುವವನು ನೀಡಬಹುದು. ಕೇಳುವವನು ಕೇಳಲೇಬೇಕೆಂಬ ಅರ್ಥ ಆ ಧಾತುವಿನ ಒಡಲಲ್ಲಿ ಇಲ್ಲ.

ಈ ಪ್ರಶ್ನೆ ವರ್ಷಗಟ್ಟಲೆ ಚರ್ಚೆಗೆ ಒಳಗಾಯಿತು. ರಾಷ್ಟ್ರಪತಿಯೂ ರಾಜ್ಯಪಾಲರೂ, ಕೆಲವು ವಿಶೇಷ ಸಂದರ್ಭಗಳ ಹೊರತು, ಮಂತ್ರಿಮಂಡಲದ ನೆರವು ಮತ್ತು ಸಲಹೆಗೆ ಅನುಸಾರವಾಗಿಯೇ ನಡೆಯಬೇಕೆಂದು 1974ರಲ್ಲಿ ಸರ್ವೋಚ್ಚ ನ್ಯಾಯಾಲಯವು ಶಂಶೇರ್ ಸಿಂಗ್ ಮೊಕದ್ದಮೆಯಲ್ಲಿ ತೀರ್ಪಿತ್ತಿತು. 1976ರ ನಲವತ್ತೆರಡನೆಯ ತಿದ್ದುಪಡಿ ಮೊದಲನೆಯ ಖಂಡಕ್ಕೆ ಕೆಲವು ಪದಗಳನ್ನು ಸೇರಿಸಿತು. ‘ಅಂತಹ ಸಲಹೆಗೆ ಅನುಸಾರವಾಗಿ ವರ್ತಿಸತಕ್ಕದ್ದು’ ಎಂಬ ಅರ್ಥದ ಆ ಸೇರ್ಪಡೆಯಲ್ಲಿ ‘ಸಿ’ ಅಕ್ಷರದ ನಾಮಪದ ಬಂದು ಕುಳಿತಿತು. ಒಂದೇ ವಾಕ್ಯದಲ್ಲಿ ಈಗ ಮಂತ್ರಿಗಳು ಮಾಡುವ ಕೆಲಸಕ್ಕೆ ‘ಅಡ್ವೈಜ಼್’, ರಾಷ್ಟ್ರಪತಿಯನ್ನು ಕಟ್ಟುವ ವಸ್ತುವಿಗೆ ‘ಅಡ್ವೈಸ್’. 1978ರ ನಲವತ್ತನಾಲ್ಕನೆಯ ತಿದ್ದುಪಡಿಯು ಇದಕ್ಕೊಂದು ಪರಂತುಕವನ್ನು ಜೋಡಿಸಿತು. ಅದರ ಪ್ರಕಾರ, ಬಂದ ಸಲಹೆಯನ್ನು ಪುನಃ ಪರಿಶೀಲಿಸುವಂತೆ ರಾಷ್ಟ್ರಪತಿ ಮಂತ್ರಿಮಂಡಲವನ್ನು ಕೇಳಬಹುದು. ಪುನಃಪರಿಶೀಲನೆಯ ಅನಂತರ ಬಂದ ಸಲಹೆಯಂತೆ ಮಾತ್ರ ನಡೆಯಲೇಬೇಕು. ಆ ಪರಂತುಕದಲ್ಲಿ ನಾಮಪದ ಎರಡು ಸಲ ಬಂದಿದೆ. ಕ್ರಿಯಾಪದ ಒಮ್ಮೆಯೂ ಬಂದಿಲ್ಲ.