ಮೆತುವಾದ ಚಾಕೊಲೇಟ್ ಕುಕೀ ಮತ್ತು ಬೆಲ್ಲದ ತೇವ

ಆಲೆಮನೆಯನ್ನು ನಡೆಸುವ ಯಜಮಾನರಿಗೆಲ್ಲ ಒಂದು ಸಂಗತಿಯು ಚೆನ್ನಾಗಿ ತಿಳಿದಿರುತ್ತದೆ. ಬೇಸಗೆಯಲ್ಲಿ ಕಲ್ಲಿನಂತೆ ಗಟ್ಟಿಯಾಗಿದ್ದ ಬೆಲ್ಲದ ಅಚ್ಚು ಆಷಾಢದ ಗಾಳಿ ಬೀಸತೊಡಗಿದೊಡನೆ ಬೆವರುತ್ತದೆ, ಅಂಚು ಮೆತ್ತಗಾಗಿ ಕೈಗೆ ಅಂಟುತ್ತದೆ, ಮಂಡಿಯಲ್ಲಿ ಅದರ ಬೆಲೆಯೂ ಇಳಿಯುತ್ತದೆ. ಬೆಲ್ಲದಲ್ಲಿ ದೋಷವೆಂದೆಣಿಸುವ ಈ ಗುಣವನ್ನೇ ಇನ್ನೊಂದು ತಿಂಡಿಯಲ್ಲಿ ಜನರು ಬೇಕೆಂದು ಬಯಸುತ್ತಾರೆ. ಆ ತಿಂಡಿಯೇ ಅಮೆರಿಕಾ ದೇಶದಿಂದ ಬಂದ ಚಾಕೊಲೇಟ್ ಚಿಪ್ ಕುಕೀ. ಈಗ ಹೋಬಳಿಯ ಬೇಕರಿಗಳಲ್ಲಿಯೂ ಇದು ದೊರೆಯುವುದಲ್ಲದೆ, ವಿದ್ಯುತ್ ಒವನ್ ಇರುವ ಮನೆಗಳಲ್ಲಿ ಹೆಣ್ಣುಮಕ್ಕಳು ಇದನ್ನು ತಾವೇ ಮಾಡಲು ತೊಡಗಿದ್ದಾರೆ. ಆದರೆ ಹತ್ತರಲ್ಲಿ ಏಳೆಂಟು ಸಲ ಅದು ಮರುದಿನಕ್ಕೆ ಹಲಗೆಯಂತಾಗಿ, ಬೆಣ್ಣೆಗೂ ಚಾಕೊಲೇಟಿಗೂ ಮಾಡಿದ ವೆಚ್ಚವು ವ್ಯರ್ಥವಾಗುತ್ತದೆ. ಕೈವಾಡದ ಕೊರತೆ ಇದಕ್ಕೆ ಕಾರಣವಲ್ಲ. ಪದಾರ್ಥಗಳ ಸ್ವಭಾವವನ್ನು ತಿಳಿಯದಿರುವುದೇ ಕಾರಣ. ಬೆಲ್ಲ, ಬೆಣ್ಣೆ, ಕೋಕೋ ಈ ಮೂರೂ ನಮ್ಮ ನಾಡಿನ ಉತ್ಪನ್ನಗಳಾದುದರಿಂದ ಜಮೀನುದಾರರು ಈ ವಿಷಯವನ್ನು ತಿಳಿದಿರುವುದು ಅಪ್ರಯೋಜಕವೆನಿಸದು.

ಈ ಕುಕೀಯನ್ನು ಮೊದಲು ಮಾಡಿದವರು ರೂತ್ ವೇಕ್‌ಫೀಲ್ಡ್ ಎಂಬ ಮಹಿಳೆ. ಈಕೆ 1924ರಲ್ಲಿ ಗೃಹವಿಜ್ಞಾನದ ವ್ಯಾಸಂಗವನ್ನು ಮುಗಿಸಿ, 1930ರಲ್ಲಿ ತನ್ನ ಪತಿಯೊಡನೆ ಮ್ಯಾಸಚೂಸೆಟ್ಸ್ ಸಂಸ್ಥಾನದ ವಿಟ್‌ಮನ್ ಎಂಬ ಊರಿನಲ್ಲಿ ಟೋಲ್ ಹೌಸ್ ಎಂಬ ಊಟದ ಛತ್ರವನ್ನು ತೆರೆದರು. ಚಾಕೊಲೇಟಿನ ಅಚ್ಚನ್ನು ಸಣ್ಣ ಚೂರುಗಳಾಗಿ ಒಡೆದು ಹಿಟ್ಟಿನಲ್ಲಿ ಬೆರೆಸುವ ಕ್ರಮವನ್ನು 1938ರ ಸುಮಾರಿಗೆ ಬಳಕೆಗೆ ತಂದರು. ಚೂರುಗಳು ಆಕಸ್ಮಿಕವಾಗಿ ಹಿಟ್ಟಿಗೆ ಬಿದ್ದುವೆಂಬ ಕಥೆಯನ್ನು ಹಲವರು ಹೇಳುವುದುಂಟು. ಅಡಿಗೆಯನ್ನು ಶಾಸ್ತ್ರವಾಗಿ ಕಲಿತು, ಅದರ ಮೇಲೆ ಪುಸ್ತಕವನ್ನೂ ಬರೆದ ಗೃಹಿಣಿಯ ವಿಷಯದಲ್ಲಿ ಈ ಕಥೆಯನ್ನು ನಂಬುವುದು ಕಷ್ಟ. ಅವರ ಮೊದಲ ಕುಕೀಯು ತೆಳ್ಳಗೂ ಗರಿಗರಿಯಾಗಿಯೂ ಇತ್ತು. ಮೆತುವಾದ ಬಗೆಯು ಬಳಿಕ ಹೆಚ್ಚು ಬಳಕೆಗೆ ಬಂದಿತು. ಮ್ಯಾಸಚೂಸೆಟ್ಸ್ ಸಂಸ್ಥಾನವು 1997ರಲ್ಲಿ ಇದನ್ನು ತನ್ನ ಅಧಿಕೃತ ಕುಕೀಯೆಂದು ಅಂಗೀಕರಿಸಿತು.

ಮೆತು ಎಂದರೆ ಇಲ್ಲಿ ಕೇಕಿನ ಮೃದುತ್ವವಲ್ಲ. ಗರಿಗರಿಯಾಗಿ ಮುರಿಯದೆ, ಪುಡಿಪುಡಿಯಾಗಿ ಉದುರದೆ, ಹಲ್ಲಿಗೆ ಸ್ವಲ್ಪ ಎದುರು ಕೊಟ್ಟು ಬಾಗುವ ಹದವೇ ಮೆತು. ಇದು ಬರಬೇಕಾದರೆ ಬೆಂದ ಮೇಲೆಯೂ ಕುಕೀಯೊಳಗೆ ಒಂದಿಷ್ಟು ನೀರು ಉಳಿದಿರಬೇಕು, ಹಿಟ್ಟಿನಲ್ಲಿ ಸ್ವಲ್ಪ ಜಿಗುಟೂ ಇರಬೇಕು.

ನೀರನ್ನು ಹಿಡಿದಿಡುವುದು ಸಕ್ಕರೆಯ ಕೆಲಸ. ಆದರೆ ಎಲ್ಲ ಸಕ್ಕರೆಯೂ ಒಂದೇ ಅಲ್ಲ. ಬಿಳಿಯ ಸಕ್ಕರೆಯು ಒಲೆಯ ಶಾಖದಲ್ಲಿ ಕರಗಿ, ಆರಿದ ಮೇಲೆ ಗಟ್ಟಿಯಾಗುತ್ತದೆ. ಆದುದರಿಂದ ಅದನ್ನು ಮಾತ್ರ ಹಾಕಿದ ಕುಕೀಯು ಗರಿಗರಿಯಾಗುತ್ತದೆ. ಅಮೆರಿಕದವರು ಇದರೊಡನೆ ಕಂದು ಸಕ್ಕರೆಯನ್ನು ಹಾಕುತ್ತಾರೆ. ಬಿಳಿಯ ಸಕ್ಕರೆಗೆ ಕಾಕಂಬಿಯನ್ನು ಸವರಿದ್ದೇ ಕಂದು ಸಕ್ಕರೆ. ಕಾಕಂಬಿಯಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಎಂಬ ಒಡೆದ ಸಕ್ಕರೆಗಳಿವೆ. ಇವು, ಅದರಲ್ಲಿಯೂ ಫ್ರಕ್ಟೋಸ್, ನೀರನ್ನು ಬಿಗಿಯಾಗಿ ಹಿಡಿಯುವುವಲ್ಲದೆ ಗಾಳಿಯಿಂದಲೂ ತೇವವನ್ನು ಸೆಳೆಯುತ್ತವೆ, ಸುಲಭವಾಗಿ ಹರಳಾಗುವುದೂ ಇಲ್ಲ.

ನಮ್ಮ ಬೆಲ್ಲದಲ್ಲಿಯೂ ಇವೇ ಇವೆ. ಸಾಮಾನ್ಯವಾಗಿ ನೂರು ಪಾಲು ಬೆಲ್ಲದಲ್ಲಿ ಐದರಿಂದ ಹದಿನೈದು ಪಾಲಿನವರೆಗೆ ಒಡೆದ ಸಕ್ಕರೆ ಇರುತ್ತದೆ. ಕಡಿದ ಕಬ್ಬನ್ನು ಅರೆಯದೆ ಎರಡು ಮೂರು ದಿನ ಬಿಟ್ಟರೆ, ನೆಲಕ್ಕೆ ಬಿದ್ದ ಕಬ್ಬನ್ನು ಅರೆದರೆ, ಹಾಲಿಗೆ ಸಾಕಷ್ಟು ಸುಣ್ಣದ ತಿಳಿಯನ್ನು ಹಾಕದೆ ಹುಳಿಯನ್ನು ಉಳಿಸಿದರೆ, ಈ ಪಾಲು ಹೆಚ್ಚುತ್ತದೆ. ಅಂತಹ ಬೆಲ್ಲವು ಅಚ್ಚಿನಲ್ಲಿ ನಿಲ್ಲುವುದಿಲ್ಲ, ಮಳೆಗಾಲದಲ್ಲಿ ನೀರೊಡೆಯುತ್ತದೆ. ದಾಸ್ತಾನಿಗೆ ಯೋಗ್ಯವಲ್ಲದ ಆ ಮೆತ್ತನೆಯ ಬೆಲ್ಲವೇ, ಶುಚಿಯಾಗಿದ್ದು ಹುಳಿಯ ವಾಸನೆ ಬಾರದಿದ್ದರೆ, ಕುಕೀಗೆ ಉತ್ತಮವಾದುದು. ಹಾಗೆಂದು ಕಬ್ಬನ್ನು ತಡವಾಗಿ ಅರೆಯಬೇಕೆಂದು ಯಾರೂ ಭಾವಿಸಕೂಡದು. ಮಂಡಿಗೆ ಗಟ್ಟಿ ಅಚ್ಚೇ ಬೇಕು. ಬಣ್ಣದ ವಿಷಯದಲ್ಲಿಯೂ ಒಂದು ಮಾತು. ಹೈಡ್ರೋಸ್ ಹಾಕಿ ಹೊಂಬಣ್ಣಕ್ಕೆ ತಂದ ಬೆಲ್ಲವು ನೋಟಕ್ಕೆ ಚೆನ್ನಾಗಿರಬಹುದು, ಆದರೆ ಕುಕೀಗೆ ಅದರಿಂದ ಯಾವ ಲಾಭವೂ ಇಲ್ಲ. ಹೈಡ್ರೋಸ್ ಸೋಕದ ಕಪ್ಪುಮಿಶ್ರಿತ ಕಂದು ಬೆಲ್ಲವನ್ನೇ ಆರಿಸತಕ್ಕದ್ದು.

ಜಿಗುಟು ಬರುವುದು ಗೋಧಿಯ ಹಿಟ್ಟಿನಿಂದ. ಗೋಧಿಯಲ್ಲಿರುವ ಸಸಾರಜನಕವು ನೀರಿನೊಡನೆ ಸೇರಿದಾಗ ಗ್ಲುಟೆನ್ ಎಂಬ ಎಳೆಯುವ ಪದಾರ್ಥವಾಗುತ್ತದೆ. ರಾಗಿ, ಅಕ್ಕಿಗಳಲ್ಲಿ ಇದು ಇಲ್ಲವಾದುದರಿಂದ ಅವುಗಳ ಹಿಟ್ಟನ್ನು ಮಾತ್ರ ಬಳಸಿದರೆ ಈ ಹದವು ಬಾರದು. ಮೈದಾಹಿಟ್ಟಿನಲ್ಲಿ ನಾಲ್ಕನೆಯ ಒಂದು ಪಾಲನ್ನು ತೆಗೆದು ರಾಗಿಹಿಟ್ಟನ್ನು ಸೇರಿಸಿದರೆ ಕೆಡುವುದಿಲ್ಲ; ಅದಕ್ಕಿಂತ ಹೆಚ್ಚಿಸಿದರೆ ಕುಕೀಯು ಉದುರತೊಡಗುತ್ತದೆ.

ಹಿಟ್ಟಿಗೆ ಬೇಕಾದ ನೀರು ಬರುವುದು ಮೊಟ್ಟೆಯಿಂದಲೂ ಬೆಣ್ಣೆಯಿಂದಲೂ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ತಪ್ಪುವುದು ಬೆಣ್ಣೆಯ ವಿಷಯದಲ್ಲಿಯೇ. ಬೆಣ್ಣೆಯಲ್ಲಿ ಸುಮಾರು ನೂರಕ್ಕೆ 80 ಪಾಲು ಕೊಬ್ಬು, 16 ಪಾಲು ನೀರು. ತುಪ್ಪದಲ್ಲಿ ನೀರು ಇಲ್ಲವೆಂದೇ ಹೇಳಬಹುದು. ತುಪ್ಪದಿಂದ ಮಾಡಿದ ನಾನ್‌ಖಟಾಯಿ ಬಾಯಲ್ಲಿ ಮರಳಿನಂತೆ ಕರಗುವುದು ಈ ಕಾರಣದಿಂದಲೇ. ನೀರಿಲ್ಲದೆ ಗ್ಲುಟೆನ್ ಹುಟ್ಟುವುದಿಲ್ಲ. ಬೆಣ್ಣೆಯನ್ನು ಕರಗಿಸಿ ಹಾಕಿದರೆ ಅದರ ನೀರು ಬಿಡುಗಡೆಯಾಗಿ ಹಿಟ್ಟಿಗೆ ಸೇರುತ್ತದೆ, ಮೆತು ಹೆಚ್ಚುತ್ತದೆ. ಆದರೆ ಸಣ್ಣ ಉರಿಯಲ್ಲಿ ಕರಗಿದೊಡನೆ ಇಳಿಸತಕ್ಕದ್ದು. ಚಟಪಟ ಸದ್ದು ಬಂದು ನಿಂತಿತೆಂದರೆ ನೀರು ಹೋಗಿ ತುಪ್ಪವಾಯಿತೆಂದೇ ಅರ್ಥ. ಮನೆಯಲ್ಲಿ ಕಡೆದ ಬೆಣ್ಣೆಯಾದರೆ, ಮಜ್ಜಿಗೆಯ ಅಂಶವು ಹೋಗುವವರೆಗೆ ತಣ್ಣೀರಿನಲ್ಲಿ ತೊಳೆದು ಚೆನ್ನಾಗಿ ಹಿಂಡಿರಬೇಕು. ಬೆಣ್ಣೆ ದೊರೆಯದೆ ತುಪ್ಪವನ್ನೇ ಬಳಸಬೇಕಾದಾಗ, 150 ಗ್ರಾಂ ಬೆಣ್ಣೆಗೆ ಬದಲಾಗಿ 120 ಗ್ರಾಂ ತುಪ್ಪವನ್ನೂ 25 ಗ್ರಾಂ ಹಾಲನ್ನೂ ಹಾಕಿದರೆ ಲೆಕ್ಕವು ಸರಿಹೋಗುತ್ತದೆ.

ಇನ್ನು ಮಾಡುವ ಕ್ರಮ. 150 ಗ್ರಾಂ ಬೆಣ್ಣೆಯನ್ನು ಕರಗಿಸಿ ಕೈಬಿಸಿಗೆ ಆರಿಸಬೇಕು. 150 ಗ್ರಾಂ ಬೆಲ್ಲವನ್ನು ತುರಿದು ಜರಡಿಯಾಡಿ, 80 ಗ್ರಾಂ ಸಕ್ಕರೆಯೊಡನೆ ಅದರಲ್ಲಿ ಕಲಸಬೇಕು. ಬೆಲ್ಲವನ್ನು ಶೋಧಿಸುವ ಸಲುವಾಗಿ ನೀರಿನಲ್ಲಿ ಕರಗಿಸುವ ವಾಡಿಕೆಯನ್ನು ಇಲ್ಲಿ ಬಿಡಬೇಕು, ಇಲ್ಲವಾದರೆ ಹಿಟ್ಟು ಹರಿದುಹೋಗುತ್ತದೆ. ಒಂದು ಇಡೀ ಮೊಟ್ಟೆಯನ್ನೂ ಇನ್ನೊಂದರ ಹಳದಿಯನ್ನು ಮಾತ್ರವೂ ಹಾಕಿ ಚೆನ್ನಾಗಿ ಕಡೆಯಬೇಕು. ಬಿಳಿಯ ಭಾಗವು ಹೆಚ್ಚಾದರೆ ಕುಕೀಯು ಒಣಗುತ್ತದೆ. ಹಳದಿಯಲ್ಲಿರುವ ಕೊಬ್ಬು ಅದನ್ನು ಮೆದುವಾಗಿಡುತ್ತದೆ. ಬೆಲ್ಲವು ಕೊಬ್ಬಿನಲ್ಲಿ ಕರಗುವುದಿಲ್ಲವಾದುದರಿಂದ ಮೊಟ್ಟೆ ಸೇರಿದ ಮೇಲೆ ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಕಡೆಯುವುದು ಒಳ್ಳೆಯದು. ಮೊಟ್ಟೆಯನ್ನು ಮುಟ್ಟದ ಮನೆಗಳಲ್ಲಿ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರನ್ನು ನಾಲ್ಕು ದೊಡ್ಡ ಚಮಚದಷ್ಟು ಹಾಕಬಹುದು. ಮೆತು ಸ್ವಲ್ಪ ಕಡಮೆಯಾದರೂ ರುಚಿಗೆ ಕೊರತೆಯಿಲ್ಲ. ಬಳಿಕ 230 ಗ್ರಾಂ ಮೈದಾ, ಅರ್ಧ ಸಣ್ಣ ಚಮಚ ಅಡಿಗೆ ಸೋಡಾ, ಅಷ್ಟೇ ಉಪ್ಪು, ಇವನ್ನು ಒಟ್ಟಿಗೆ ಜರಡಿಯಾಡಿ ಸೇರಿಸಿ, ಒಣಹಿಟ್ಟು ಕಾಣದಾಗುವವರೆಗೆ ಮಾತ್ರ ಕಲಸತಕ್ಕದ್ದು. ಚಪಾತಿಯ ಹಿಟ್ಟಿನಂತೆ ನಾದಿದರೆ ಮೆತು ಹೋಗಿ ಬಿರುಸು ಬರುವುದು. ಕೊನೆಯಲ್ಲಿ 180 ಗ್ರಾಂ ಚಾಕೊಲೇಟ್ ಚೂರುಗಳು.

ಕಲಸಿದ ಹಿಟ್ಟನ್ನು ಮುಚ್ಚಿ ಫ್ರಿಜ್ಜಿನಲ್ಲಿ ಒಂದು ಹಗಲು ಒಂದು ರಾತ್ರಿ ಇಡುವುದು ಉತ್ತಮ. ಹಿಟ್ಟು ನೀರನ್ನು ನಿಧಾನವಾಗಿ ಕುಡಿಯುತ್ತದೆ, ಬೆಣ್ಣೆ ಹೆಪ್ಪುಗಟ್ಟುತ್ತದೆ, ಆದುದರಿಂದ ತಟ್ಟೆಯಲ್ಲಿ ಅತಿಯಾಗಿ ಹರಡುವುದಿಲ್ಲ. ಬಣ್ಣವೂ ಪರಿಮಳವೂ ಹೆಚ್ಚುತ್ತವೆ. ಫ್ರಿಜ್ಜು ಇಲ್ಲದಲ್ಲಿ ಮೊಟ್ಟೆ ಬೆರೆತ ಹಿಟ್ಟನ್ನು ಹೊರಗೆ ಇಡಲೇಬಾರದು, ಕೂಡಲೇ ಬೇಯಿಸಬೇಕು.

ಬೇಯಿಸುವುದರಲ್ಲಿ ಧೈರ್ಯ ಬೇಕು. ಸುಮಾರು 40 ಗ್ರಾಂ ತೂಗುವ ಉಂಡೆಗಳನ್ನು, ಅಂದರೆ ಈ ಅಳತೆಗೆ ಇಪ್ಪತ್ತರಷ್ಟನ್ನು, ದೂರದೂರ ಇಟ್ಟು, ಮೊದಲೇ ಕಾಯಿಸಿದ ಒವನ್ನಿನಲ್ಲಿ 175 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ 11ರಿಂದ 13 ನಿಮಿಷ ಬೇಯಿಸತಕ್ಕದ್ದು. ಅಂಚು ಕೆಂಪೇರಿ ನಡುಭಾಗ ಇನ್ನೂ ಹಸಿಯಾಗಿರುವಂತೆ ತೋರುವಾಗಲೇ ಹೊರತೆಗೆಯಬೇಕು. ನೋಡಿದವರು ಬೆಂದಿಲ್ಲವೆನ್ನುತ್ತಾರೆ. ಆದರೆ ಬಿಸಿ ತಟ್ಟೆಯ ಮೇಲೆ ಐದು ನಿಮಿಷ ಬಿಟ್ಟರೆ ಒಳಗಿನ ಶಾಖದಿಂದಲೇ ಉಳಿದ ಭಾಗವು ಹದಕ್ಕೆ ಬರುತ್ತದೆ. ನಡುಭಾಗವೂ ಗಟ್ಟಿಯಾಗಲೆಂದು ಇನ್ನೂ ಮೂರು ನಿಮಿಷ ಬಿಟ್ಟವರಿಗೆ ದೊರೆಯುವುದು ಮರುದಿನದ ಹಲಗೆಯೇ. ಒವನ್ ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಮರಳನ್ನು ಹರಡಿ, ಮೇಲೊಂದು ಕುಕ್ಕೆಯನ್ನಿಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ, ತಟ್ಟೆಯನ್ನು ಒಳಗಿಡಬಹುದು. ಇದರಲ್ಲಿ ಮೇಲ್ಭಾಗದ ಬಣ್ಣವು ಪೇಲವವಾಗಿರುತ್ತದೆ.

ಚಾಕೊಲೇಟನ್ನು ಕೊಳ್ಳುವಾಗ ಹೊದಿಕೆಯ ಮೇಲಿನ ಬರಹವನ್ನು ಓದಬೇಕು. ಕಾಂಪೌಂಡ್ ಎಂದು ಮಾರುವುದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ವನಸ್ಪತಿ ಕೊಬ್ಬು ಇರುತ್ತದೆ. ಕೋಕೋ ಬೆಣ್ಣೆಯಿರುವುದನ್ನೇ ಕೊಂಡರೆ ರುಚಿಯೂ ಹೆಚ್ಚು, ಹಣವು ಬೆಳೆಗಾರನಿಗೆ ತಲಪುವುದೂ ಹೆಚ್ಚು. ದಕ್ಷಿಣ ಕನ್ನಡದ ಅಡಕೆ ತೋಟಗಳಲ್ಲಿ 1970ರ ದಶಕದಲ್ಲಿ ಕೋಕೋ ಉಪಬೆಳೆಯಾಗಿ ಹರಡಿತು. 1980ರ ದಶಕದ ಆರಂಭದಲ್ಲಿ ಬೆಲೆ ಕುಸಿದು ಕೊಳ್ಳುವವರು ಹಿಂದೆಗೆದಾಗ ತೋಟಗಾರರು ಬಹಳ ಕಷ್ಟಕ್ಕೆ ಸಿಕ್ಕಿದರು. ಅಡಕೆ ಬೆಳೆಗಾರರಿಗಾಗಿ 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾಗಿದ್ದ ಕ್ಯಾಂಪ್ಕೊ ಸಹಕಾರ ಸಂಸ್ಥೆಯು ಆಗ ಕೋಕೋ ಖರೀದಿಗೆ ಕೈಹಾಕಿ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನು ತೆರೆಯಿತು. ಚಾಕೊಲೇಟಿನ ಪರಿಮಳದ ಮೂಲವಿರುವುದು ತೋಟದಲ್ಲಿಯೇ. ಹಸಿ ಬೀಜವನ್ನು ಅದರ ತಿರುಳಿನೊಡನೆ ರಾಶಿ ಹಾಕಿ, ನಡುವೆ ತಿರುವುತ್ತ, ಐದಾರು ದಿನ ಹುದುಗಿಸಿ, ತೇವವು ನೂರಕ್ಕೆ 6 ಅಥವಾ 7 ಪಾಲಿಗೆ ಇಳಿಯುವವರೆಗೆ ಒಣಗಿಸಿದ ಬೀಜದಿಂದ ಮಾತ್ರ ಅದು ಬರುತ್ತದೆ. ಹುದುಗಿಸದೆ ಒಣಗಿಸಿದ ಬೀಜವು ಒಗರಾಗಿ, ಯಾವ ಕಾರ್ಖಾನೆಯಲ್ಲಿಯೂ ಒಳ್ಳೆಯ ಚಾಕೊಲೇಟ್ ಆಗದು.

ಕುಕೀಯನ್ನು ಪೂರ್ಣವಾಗಿ ಆರಿದ ಮೇಲೆ ಗಾಳಿಯಾಡದ ಡಬ್ಬದಲ್ಲಿ ಇಡತಕ್ಕದ್ದು. ಬಯಲುಸೀಮೆಯ ಬೇಸಗೆಯಲ್ಲಿ ಅದು ಗಟ್ಟಿಯಾಗುವಂತೆ ಕಂಡರೆ ಡಬ್ಬದೊಳಗೆ ಒಂದು ತುಂಡು ಬ್ರೆಡ್ಡನ್ನು ಹಾಕಿದರೆ, ಬೆಲ್ಲವು ಬ್ರೆಡ್ಡಿನ ತೇವವನ್ನು ಎಳೆದುಕೊಂಡು ಕುಕೀಯು ಮರುದಿನಕ್ಕೆ ಮೆತ್ತಗಾಗುತ್ತದೆ, ಬ್ರೆಡ್ಡು ಒಣಗಿ ನಿಲ್ಲುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಇದರ ಅಗತ್ಯವಿಲ್ಲ. ಅಲ್ಲಿ ಮುಚ್ಚಳವನ್ನು ಬಿಗಿಯಾಗಿ ಹಾಕಿ, ನಾಲ್ಕು ದಿನಗಳೊಳಗೆ ತಿಂದು ಮುಗಿಸಬೇಕು.