ಸೂರ್ಯಕಾಂತಿ ಬೀಜ ಮತ್ತು ದೇಹಾರೋಗ್ಯ

ಮೊರಬ ಗ್ರಾಮವನ್ನೊಳಗೊಂಡ ನವಲಗುಂದ ಸೀಮೆಯು ಎರೆಭೂಮಿಯ ನಾಡು. ಜೋಳ, ಕಡಲೆ, ಹತ್ತಿ, ಗೋದಿ, ಕುಸುಬಿಗಳು ಇಲ್ಲಿಯ ಹಳೆಯ ಬೆಳೆಗಳು. ಕಳೆದ ಅರ್ಧ ಶತಮಾನದಲ್ಲಿ ಈ ಭಾಗದ ಎರೆಹೊಲಗಳನ್ನು ಹೊಕ್ಕ ಹೊಸ ಬೆಳೆ ಸೂರ್ಯಕಾಂತಿ; ರೈತರ ಆಡುಮಾತಿನಲ್ಲಿ ಸೂರ್ಯಪಾನ. ರಾಶಿಯಾದೊಡನೆ ಇದರ ಬೀಜವು ಚೀಲ ತುಂಬಿ ಮಾರುಕಟ್ಟೆಗೆ, ಅಲ್ಲಿಂದ ಎಣ್ಣೆಯ ಗಿರಣಿಗೆ ಹೋಗುತ್ತದೆ. ಬೆಳೆದವನ ಮನೆಗೆ ಮರಳಿ ಬರುವುದು ಎಣ್ಣೆ ಮಾತ್ರ; ಬೀಜವು ಗಂಗಾಳಕ್ಕೆ ಬರುವುದು ವಿರಳ. ಇದರಿಂದ ದೇಹಪೋಷಣೆಗೆ ಒದಗುವ ನಷ್ಟವೆಂತಹುದೆಂಬುದು ವಿಚಾರಾರ್ಹವಾದ ಸಂಗತಿ.

ಬೆಳೆಯ ಇತಿಹಾಸ

ಸೂರ್ಯಕಾಂತಿಯ ತವರು ಉತ್ತರ ಅಮೇರಿಕ. ಅಲ್ಲಿಯ ಮೂಲನಿವಾಸಿಗಳು ಸಾವಿರಾರು ವರ್ಷಗಳ ಹಿಂದೆಯೇ ಇದನ್ನು ಬೆಳೆದು, ಬೀಜವನ್ನು ಹಿಟ್ಟು ಮಾಡಿ ಉಣ್ಣುತ್ತಿದ್ದರು. 16ನೆಯ ಶತಮಾನದಲ್ಲಿ ಸ್ಪೇನ್ ದೇಶದವರು ಇದನ್ನು ಯುರೋಪಿಗೆ ಒಯ್ದರು. ಅಲ್ಲಿ ಬಹುಕಾಲ ತೋಟದ ಅಲಂಕಾರಕ್ಕಷ್ಟೇ ಸಲ್ಲುತ್ತಿದ್ದ ಈ ಸಸ್ಯವು 19ನೆಯ ಶತಮಾನದಲ್ಲಿ ರಷ್ಯಾದಲ್ಲಿ ಎಣ್ಣೆಯ ಬೆಳೆಯಾಯಿತು. ಭಾರತಕ್ಕೆ ಎಣ್ಣೆಯ ತಳಿಗಳು ಬಂದುದು ರಷ್ಯಾದಿಂದಲೇ, 1969ರಲ್ಲಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು 1980ರಲ್ಲಿ ‘ಬಿ.ಎಸ್.ಎಚ್.-1’ ಎಂಬ ಸಂಕರಣ ತಳಿಯನ್ನು ಹೊರತಂದಿತು. ಸೂರ್ಯಕಾಂತಿ ಬೆಳೆಯಲ್ಲಿ ಕರ್ನಾಟಕವು ದೇಶದ ಅಗ್ರಗಣ್ಯ ರಾಜ್ಯವಾಗಿದೆ. ಇಲ್ಲಿ ಶೇಂಗಾ ತಿನ್ನುವಂತೆ ರಷ್ಯಾದ ಜನರು ಈ ಬೀಜವನ್ನು ಹುರಿದು, ಸುಲಿದು ತಿನ್ನುತ್ತಾರೆ. ಬೆಳೆಯು ಇಲ್ಲಿಗೆ ಬಂದರೂ ಆ ರೂಢಿಯು ಅದರೊಡನೆ ಬರಲಿಲ್ಲ.

ಬೀಜದಲ್ಲಿ ಅಡಗಿರುವ ಸತ್ವ

ಸಿಪ್ಪೆ ತೆಗೆದ 100 ಗ್ರಾಂ ತಿರುಳಿನಲ್ಲಿ ಸುಮಾರು 50 ಗ್ರಾಂ ಕೊಬ್ಬು, 20 ಗ್ರಾಂ ಸಸಾರಜನಕ, 8 ಗ್ರಾಂ ನಾರು ಇವೆ. ‘ಇ’ ಜೀವಸತ್ವವು ಸುಮಾರು 35 ಮಿಲಿಗ್ರಾಂ, ಮೆಗ್ನೀಸಿಯಂ 300 ಮಿಲಿಗ್ರಾಂಗೂ ಮೇಲ್ಪಟ್ಟು, ಕಬ್ಬಿಣ ಮತ್ತು ಸತುವು ತಲಾ 5 ಮಿಲಿಗ್ರಾಂ ದೊರೆಯುತ್ತವೆ. ಇದರ ಕೊಬ್ಬು ಬಹುತೇಕ ಅಪರ್ಯಾಪ್ತ ಜಾತಿಯದು. ವನಸ್ಪತಿಯಂತಹ ಗಟ್ಟಿ ಕೊಬ್ಬಿನ ಬದಲು ಇದನ್ನು ಬಳಸಿದರೆ ರಕ್ತದಲ್ಲಿಯ ಕೆಟ್ಟ ಕೊಲೆಸ್ಟರಾಲ್ ಇಳಿದು ಹೃದಯಕ್ಕೆ ಹಿತವಾಗುತ್ತದೆ. ‘ಇ’ ಜೀವಸತ್ವವು ಜೀವಕೋಶಗಳ ಪೊರೆಯನ್ನು ರಕ್ಷಿಸುತ್ತದೆ. ಮೆಗ್ನೀಸಿಯಂ ನರ ಹಾಗೂ ಸ್ನಾಯುಗಳ ಕಾರ್ಯಕ್ಕೆ ಅವಶ್ಯಕ. ನಾರು ಮಲಬದ್ಧತೆಯನ್ನು ನಿವಾರಿಸುತ್ತದೆ.

ಎಣ್ಣೆ ಮತ್ತು ಹಿಂಡಿ

ಬೀಜವನ್ನು ಗಿರಣಿಗೆ ಹಾಕಿದಾಗ ಕೊಬ್ಬು ಮತ್ತು ‘ಇ’ ಜೀವಸತ್ವದ ಬಹುಭಾಗ ಎಣ್ಣೆಯಲ್ಲಿ ಇಳಿಯುತ್ತವೆ. ಆದರೆ ಸಸಾರಜನಕ, ನಾರು, ಕಬ್ಬಿಣ, ಮೆಗ್ನೀಸಿಯಂಗಳೆಲ್ಲ ಹಿಂಡಿಯಲ್ಲಿಯೇ ಉಳಿದು ದನದ ಗೋದಲಿಗೆ ಸೇರುತ್ತವೆ. ಧಾರವಾಡ ಸೀಮೆಯಲ್ಲಿ ‘ಹಿಂಡಿ’ ಎಂಬ ಮಾತಿಗೆ ಇನ್ನೊಂದು ಅರ್ಥವೂ ಉಂಟು. ರೊಟ್ಟಿಯೊಡನೆ ಉಣ್ಣುವ ಶೇಂಗಾ, ಅಗಸಿ, ಗುರೆಳ್ಳುಗಳ ಪುಡಿಯೂ ಹಿಂಡಿಯೇ. ಎಣ್ಣೆಕಾಳನ್ನು ಇಡಿಯಾಗಿ ಉಣ್ಣುವ ಈ ಪದ್ಧತಿಯಲ್ಲಿ ಯಾವ ಸತ್ವವೂ ಹೊರಹೋಗುವುದಿಲ್ಲ. ಹಿರಿಯರ ಈ ಜಾಣ್ಮೆಯನ್ನು ಸೂರ್ಯಕಾಂತಿಗೂ ಅನ್ವಯಿಸುವುದು ಸುಲಭಸಾಧ್ಯ.

ಬಳಸುವ ಬಗೆ

ಬೀಜವನ್ನು ಒರಳಿನಲ್ಲಿ ಹಗುರಾಗಿ ಕುಟ್ಟಿ, ಮೊರದಲ್ಲಿ ಕೇರಿ ಸಿಪ್ಪೆ ಬೇರ್ಪಡಿಸಬೇಕು. ತಿರುಳನ್ನು ಸಣ್ಣ ಉರಿಯಲ್ಲಿ ಘಮ ಬರುವಷ್ಟು ಹುರಿದು, ಬೆಳ್ಳುಳ್ಳಿ, ಜೀರಿಗೆ, ಕೆಂಪು ಖಾರ, ಸ್ವಲ್ಪ ಉಪ್ಪು ಕೂಡಿಸಿ ಕುಟ್ಟಿದರೆ ಹಿಂಡಿ ಸಿದ್ಧ. ಜೋಳದಲ್ಲಿಯೂ ಸೂರ್ಯಕಾಂತಿಯಲ್ಲಿಯೂ ಲೈಸಿನ್ ಎಂಬ ಸಸಾರಜನಕ ಘಟಕವು ಕಡಿಮೆ. ಬೇಳೆಕಾಳುಗಳಲ್ಲಿ ಅದು ಹೇರಳ. ಆದುದರಿಂದ ರೊಟ್ಟಿ, ಹಿಂಡಿಗಳ ಜೊತೆಗೆ ಕಾಳುಪಲ್ಯವಾಗಲಿ, ಬೇಳೆಯಾಗಲಿ ಇರಲೇಬೇಕು. ಒಮೆಗಾ-3 ಜಾತಿಯ ಕೊಬ್ಬು ಸೂರ್ಯಕಾಂತಿಯಲ್ಲಿ ಇಲ್ಲವೆನ್ನುವಷ್ಟು ಅಲ್ಪ. ಅಗಸಿಯು ಆ ಕೊರತೆಯನ್ನು ತುಂಬುತ್ತದೆ. ಹೊಸ ಬೀಜಕ್ಕಾಗಿ ಹಳೆಯ ಅಗಸಿಯನ್ನು ಬಿಡಲಾಗದು.

ಮಿತಿ ಮತ್ತು ಎಚ್ಚರಿಕೆ

ದಿನಕ್ಕೆ ಒಂದು ಹಿಡಿ, ಎಂದರೆ ಸುಮಾರು 30 ಗ್ರಾಂ ತಿರುಳು ಸಾಕು. ಅಷ್ಟರಲ್ಲಿಯೇ 170ಕ್ಕೂ ಹೆಚ್ಚು ಕ್ಯಾಲರಿ ಶಕ್ತಿಯುಂಟು. ಅತಿಯಾದರೆ ಬೊಜ್ಜು ಬರುತ್ತದೆ. ರಕ್ತದೊತ್ತಡವುಳ್ಳವರು ಉಪ್ಪು ಹಚ್ಚಿದ ಬೀಜವನ್ನು ವರ್ಜಿಸಬೇಕು. ಚಿಕ್ಕ ಮಕ್ಕಳಿಗೆ ಇಡಿಯ ಬೀಜವು ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವಿರುವುದರಿಂದ ಪುಡಿ ಮಾಡಿಯೇ ಕೊಡಬೇಕು. ಕಮಟು ವಾಸನೆ ಬಂದ ಬೀಜವನ್ನು ತಿನ್ನಬಾರದು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಇನ್ನೊಂದಿದೆ. ಬಿತ್ತನೆಗೆಂದು ಕೊಂಡ ಪೊಟ್ಟಣದ ಬೀಜಕ್ಕೆ ರೋಗನಾಶಕ ವಿಷವನ್ನು ಲೇಪಿಸಿರುತ್ತಾರೆ. ಬಿತ್ತಿ ಮಿಕ್ಕುದನ್ನು ಯಾರೂ, ಯಾವ ಕಾರಣಕ್ಕೂ ತಿನ್ನಕೂಡದು. ತೊಳೆದರೂ ಅದು ಆಹಾರವಾಗದು. ಅದನ್ನು ಮಕ್ಕಳ ಕೈಗೆಟುಕದಂತೆ ಬೇರೆಯಾಗಿಡಬೇಕು. ಊಟಕ್ಕೆ ಬೇಕಾದುದನ್ನು ರಾಶಿಯಿಂದಲೇ ತೆಗೆದಿರಿಸುವುದು ಕ್ಷೇಮ.

ಸೂರ್ಯಕಾಂತಿಯು ರೋಗಗಳಿಗೆ ಔಷಧವಲ್ಲ, ಉತ್ತಮ ಆಹಾರಗಳಲ್ಲೊಂದು. ಚೀಲಗಳನ್ನು ಮಾರುಕಟ್ಟೆಗೆ ಕಳಿಸುವ ಮುನ್ನ ಮನೆಯ ಬಳಕೆಗೆಂದು ನಾಲ್ಕು ಸೇರು ಬೀಜವನ್ನು ಎತ್ತಿಡುವುದರಿಂದ ರೈತನ ಆದಾಯಕ್ಕೆ ಹೆಚ್ಚಿನ ಕೊರತೆಯಾಗದು. ಈ ಪಾಠವನ್ನು ವಿದ್ಯಾರ್ಥಿಗಳು ತಮ್ಮ ಮನೆಯ ಹಿರಿಯರಿಗೆ ತಿಳಿಸಿದರೆ, ಹೊಲದಲ್ಲಿ ಬೆಳೆದ ಸತ್ವವು ಬೆಳೆದವರ ಮೈಗೂ ಹತ್ತೀತು.