ರಕ್ತದ ಚೀಟಿ ಓದೋಣ

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರ್ತಾರೆ. ಅವರ ಯಜಮಾನರಿಗೆ ಕಿಡ್ನಿ ಕೆಟ್ಟಿದೆ. ವಾರಕ್ಕೆ ಎರಡು ಸಲ ಡಯಾಲಿಸಿಸ್ ಮಾಡಿಸಬೇಕು. ಒಂದು ಸಂಜೆ ಆ ಅಕ್ಕ ರಕ್ತ ಪರೀಕ್ಷೆಯ ಚೀಟಿ ತಂದರು. "ಅಂಕಿ ಓದೋದು ಕಲಿತೆ. ಇದು ಏನು ಹೇಳುತ್ತೆ ಅಂತ ತಿಳ್ಕೋಬೇಕು" ಅಂದರು. ಅವತ್ತು ಆ ಚೀಟಿಯೇ ನಮಗೆಲ್ಲ ಪಾಠವಾಯಿತು.

ಕಿಡ್ನಿ ಎಂದರೆ ಮೂತ್ರಪಿಂಡ. ಬೆನ್ನಿನ ಕಡೆ, ಪಕ್ಕೆಲುಬಿನ ಕೆಳಭಾಗದಲ್ಲಿ ಎರಡು ಇರುತ್ತವೆ. ಇವು ಹಗಲೂ ರಾತ್ರಿ ರಕ್ತವನ್ನು ಸೋಸುತ್ತವೆ. ಕಸವನ್ನೂ ಹೆಚ್ಚಿನ ನೀರನ್ನೂ ಮೂತ್ರದಲ್ಲಿ ಹೊರಗೆ ಹಾಕುತ್ತವೆ. ಎರಡೂ ಕೆಟ್ಟರೆ ಕಸ ರಕ್ತದಲ್ಲೇ ಉಳಿಯುತ್ತದೆ. ಆಗ ಯಂತ್ರದಿಂದ ರಕ್ತ ಸೋಸಬೇಕು. ಇದೇ ಡಯಾಲಿಸಿಸ್. ಒಂದು ಸಲಕ್ಕೆ ಸುಮಾರು 4 ಗಂಟೆ ಹಿಡಿಯುತ್ತದೆ.

ಆದರೆ ಯಂತ್ರ ದಿನವೂ ಸೋಸುವುದಿಲ್ಲ. ನಡುವಿನ ದಿನಗಳಲ್ಲಿ ರಕ್ತದಲ್ಲಿ ಏನು ಏರಿತು, ಏನು ಇಳಿಯಿತು? ಅದನ್ನು ಚೀಟಿ ಹೇಳುತ್ತದೆ. ಚೀಟಿಯಲ್ಲಿ ಹೆಸರುಗಳು ಇಂಗ್ಲಿಷಿನಲ್ಲಿ ಇರುತ್ತವೆ. ಸಿಸ್ಟರನ್ನು ಕೇಳಿ, ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ. ಮೂರು ಹೆಸರು ಮುಖ್ಯ.

1. ಪೊಟ್ಯಾಸಿಯಂ. ಇದು ಒಂದು ಬಗೆಯ ಲವಣ. ಆರೋಗ್ಯವಂತರಲ್ಲಿ 3.5ರಿಂದ 5ರವರೆಗೆ ಇರುತ್ತದೆ. 6 ದಾಟಿದರೆ ಅಪಾಯ. ಹೃದಯದ ಬಡಿತ ತಪ್ಪಬಹುದು, ನಿಂತೇ ಹೋಗಬಹುದು. ಎಳನೀರು, ಬಾಳೆಹಣ್ಣಿನಲ್ಲಿ ಇದು ಬಹಳ. ಕಾಯಿಲೆಯವರಿಗೆ ತಂಪು ಅಂತ ನೆಂಟರು ಪ್ರೀತಿಯಿಂದ ಎಳನೀರು ತರ್ತಾರೆ. ಈ ರೋಗಿಗೆ ಅದೇ ವಿಷವಾಗಬಹುದು.

2. ಹಿಮೋಗ್ಲೋಬಿನ್. ರಕ್ತ ಹುಟ್ಟಲು ಬೇಕಾದ ಒಂದು ರಸ ಕಿಡ್ನಿಯಲ್ಲಿ ತಯಾರಾಗುತ್ತದೆ. ಕಿಡ್ನಿ ಕೆಟ್ಟರೆ ರಕ್ತ ಕಡಿಮೆಯಾಗುತ್ತದೆ. ಸುಸ್ತು, ಏದುಸಿರು ಬರುತ್ತದೆ. 10ಕ್ಕಿಂತ ಕೆಳಗೆ ಇಳಿದರೆ ಡಾಕ್ಟರನ್ನು ಕೇಳಿ. ಇದಕ್ಕೆ ಇಂಜೆಕ್ಷನ್ ಇದೆ.

3. ಆಲ್ಬುಮಿನ್. ಇದು ರಕ್ತದಲ್ಲಿರುವ ಪ್ರೋಟೀನು. 3.5ಕ್ಕಿಂತ ಕಡಿಮೆ ಆಗಬಾರದು. 1990ರಲ್ಲಿ ಅಮೆರಿಕದಲ್ಲಿ 12 ಸಾವಿರಕ್ಕೂ ಹೆಚ್ಚು ಡಯಾಲಿಸಿಸ್ ರೋಗಿಗಳ ಲೆಕ್ಕ ನೋಡಿದರು. ಆಲ್ಬುಮಿನ್ ಕಡಿಮೆ ಇದ್ದವರಲ್ಲೇ ಸಾವು ಹೆಚ್ಚಾಗಿತ್ತು. ಊಟ ಸಾಲದಿದ್ದರೆ ಇದು ಇಳಿಯುತ್ತದೆ. ಸೋಂಕು ತಗುಲಿದರೂ ಇಳಿಯುತ್ತದೆ. ಡಯಾಲಿಸಿಸ್ ಶುರುವಾಗುವ ಮುಂಚೆ 'ಬೇಳೆ, ಮೊಟ್ಟೆ ಕಡಿಮೆ ಮಾಡಿ' ಎಂದು ಹೇಳಿರುತ್ತಾರೆ. ಶುರುವಾದ ಮೇಲೆ ಪ್ರೋಟೀನು ಹೆಚ್ಚು ಬೇಕು. ಹಳೇ ಪಥ್ಯವನ್ನೇ ಹಿಡಿದು ಕೂರಬೇಡಿ. ಏನು, ಎಷ್ಟು ತಿನ್ನಬೇಕು ಎಂದು ಡಾಕ್ಟರನ್ನು ಕೇಳಿ.

ನಮ್ಮ ಅಕ್ಕ ತಂದ ಚೀಟಿಯಲ್ಲಿ ಪೊಟ್ಯಾಸಿಯಂ 6.2 ಇತ್ತು. "ಇವತ್ತು ಬೆಳಿಗ್ಗೆನೂ ಎಳನೀರು ಕೊಟ್ಟೆನಲ್ಲ!" ಎಂದು ಹೌಹಾರಿದರು. ನಾಳೆ ಆಸ್ಪತ್ರೆಗೆ ಹೋಗೋಣ ಅಂತಿದ್ದವರು ಆ ರಾತ್ರಿಯೇ ಹೋದರು. ಯಜಮಾನರು ಉಳಿದರು. ಈಗ ಪ್ರತಿ ಸಲದ ಅಂಕಿಯನ್ನು ಅಕ್ಕ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ.

ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಕೊಡಲು ಕೇಂದ್ರ ಸರ್ಕಾರ 2016ರಲ್ಲಿ ಒಂದು ಕಾರ್ಯಕ್ರಮ ಆರಂಭಿಸಿತು. ಬಿ.ಪಿ.ಎಲ್. ಕಾರ್ಡ್ ತೆಗೆದುಕೊಂಡು ಹೋಗಿ ವಿಚಾರಿಸಿ.

ನೆನಪಿಡಿ: ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಕಿಡ್ನಿಯನ್ನು ಕೆಡಿಸುತ್ತವೆ. ಎರಡನ್ನೂ ಹತೋಟಿಯಲ್ಲಿಡಿ.

ಉತ್ತರ ಬರೆಯಿರಿ
1. ಕಿಡ್ನಿಯ ಕೆಲಸ ಏನು?
2. ಡಯಾಲಿಸಿಸ್ ರೋಗಿಗೆ ಎಳನೀರು ಯಾಕೆ ಕೊಡಬಾರದು?
3. ಒಂದು ಚೀಟಿಯಲ್ಲಿ ಆಲ್ಬುಮಿನ್ 2.9 ಇದೆ. ನೀವು ಏನು ಮಾಡುವಿರಿ?